ಬಿತ್ತನೆ ಗಡ್ಡೆ ಎಲ್ಲಿಂದ ತಂದ್ರಿ? ಹಿತ್ತಲ ಆಲೂಗಡ್ಡೆಯ ಹಿಂದಿನ ಕಥೆ

ಕಳೆದ ಮುಂಗಾರಿನಲ್ಲಿ ನಾವು ಮೂವರು ಗೆಳೆಯರು ಸೇರಿ ಹಾಸನ ಜಿಲ್ಲೆಯ ನಮ್ಮೂರ ಮನೆ ಹಿತ್ತಲಲ್ಲಿ ಆಲೂಗಡ್ಡೆ ಹಾಕಿದ್ದೆವು. ಆಲೂಗಡ್ಡೆ ಸೀಮೆಯಲ್ಲೇ ಹುಟ್ಟಿದರೂ ನಮ್ಮ ಕೈಯಾರೆ ಬೆಳೆದದ್ದು ಅದೇ ಮೊದಲು. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದಿದ್ದ ಗಡ್ಡೆಗಳನ್ನೇ ಕತ್ತರಿಸಿ, ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿ ನೆಟ್ಟೆವು. ಗಿಡ ಚೆನ್ನಾಗಿಯೇ ಎದ್ದಿತು. ಆಮೇಲೆ ಬಿಡದೆ ಜಡಿಮಳೆ ಹಿಡಿಯಿತು. ಎಲೆಯ ಅಂಚಿನಲ್ಲಿ ಕಪ್ಪು ಮಚ್ಚೆ, ಎಲೆಯಡಿಯಲ್ಲಿ ಬಿಳಿ ಬೂಷ್ಟು. ವಾರದಲ್ಲಿ ಎಲ್ಲ ಗಿಡವೂ ಬೆಂಕಿಗೆ ಬಾಡಿದ ಹಾಗಾಯಿತು.

ನೋಡಲು ಬಂದ ಪಕ್ಕದ ಮನೆಯ ಅಜ್ಜ ಕೇಳಿದ್ದು ಒಂದೇ ಮಾತು: "ಬಿತ್ತನೆ ಗಡ್ಡೆ ಎಲ್ಲಿಂದ ತಂದ್ರಪ್ಪಾ?"

ಬುಟ್ಟಿಯದ್ದು ಎಂದೆವು. ಅಜ್ಜ ಮಾತಾಡಲಿಲ್ಲ. ನಮ್ಮ ಬೇಲಿಯ ಆಚೆಗೇ ಅವರ ಅರ್ಧ ಎಕರೆ ಆಲೂಗಡ್ಡೆ ಇತ್ತು. ಆ ಪ್ರಶ್ನೆಯ ಹಿಂದೆ ಬಿದ್ದು ಓದಿದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬೆಟ್ಟದ ಬೆಳೆ

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಇಂದಿನ ಪೆರು, ಬೊಲಿವಿಯಾ ದೇಶಗಳ ನಡುವಿನ ಟಿಟಿಕಾಕಾ ಸರೋವರದ ಸುತ್ತಮುತ್ತ ಸುಮಾರು 7,000 ವರ್ಷಗಳ ಹಿಂದೆಯೇ ಜನ ಇದನ್ನು ಬೆಳೆಸಲು ಶುರು ಮಾಡಿದ್ದರು. ಅಲ್ಲಿ ಈಗಲೂ ಸಾವಿರಾರು ನಾಟಿ ತಳಿಗಳಿವೆ. ಕೆಂಪು, ನೇರಳೆ, ಕಪ್ಪು, ಗಂಟುಗಂಟಿನವು. ಅಲ್ಲಿನ ರೈತರು ಒಂದೇ ಹೊಲದಲ್ಲಿ ಹತ್ತಾರು ತಳಿ ಕಲಸಿ ಹಾಕುತ್ತಾರೆ. ಮಂಜು ಬಿದ್ದರೆ ಒಂದು ಉಳಿಯುತ್ತದೆ, ರೋಗ ಬಂದರೆ ಇನ್ನೊಂದು. ನಮ್ಮ ಹಿರಿಯರು ರಾಗಿಯ ಜೊತೆ ಅವರೆ, ತೊಗರಿ, ಸಾಸಿವೆಯ ಅಕ್ಕಡಿ ಸಾಲು ಹಾಕುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಲೆಕ್ಕಾಚಾರದಲ್ಲಿ.

1530ರ ದಶಕದಲ್ಲಿ ಸ್ಪೇನಿನವರು ಆ ನಾಡನ್ನು ಗೆದ್ದರು. ಕೆಲವೇ ಕೆಲವು ಗಡ್ಡೆಗಳು ಹಡಗೇರಿ ಯುರೋಪಿಗೆ ಹೋದವು. ಸಾವಿರಾರು ತಳಿಗಳು ಬೆಟ್ಟದಲ್ಲೇ ಉಳಿದವು.

ನಮ್ಮ ದೇಶಕ್ಕೆ ಇದನ್ನು ತಂದವರು ಪೋರ್ಚುಗೀಸರು. ಕರಾವಳಿಯವರು ಇದನ್ನು ಇಂದಿಗೂ ಬಟಾಟೆ ಎನ್ನುತ್ತಾರಲ್ಲ, ಅದು ಪೋರ್ಚುಗೀಸರ ಬಾಯಿಂದ ಬಂದ ಪದ. ಮೂಲದಲ್ಲಿ ಅದು ಕೆರಿಬಿಯನ್ ದ್ವೀಪದ ಜನ ಗೆಣಸಿಗೆ ಇಟ್ಟಿದ್ದ ಹೆಸರು! ಕೋಲಾರ, ಬೆಂಗಳೂರು ಕಡೆಯ ಉರುಳಗಡ್ಡೆ ಮಾತ್ರ ನಮ್ಮದೇ ಪದ.

ಒಂದೇ ತಳಿ ನಂಬಿದ ದೇಶ

ಬೀಜದ ಪ್ರಶ್ನೆ ಎಷ್ಟು ದೊಡ್ಡದು ಎಂದು ಜಗತ್ತಿಗೆ ಗೊತ್ತಾದದ್ದು 1845ರಲ್ಲಿ, ಐರ್ಲೆಂಡಿನಲ್ಲಿ.

ಆಲೂಗಡ್ಡೆಯನ್ನು ನಾವು ಗಡ್ಡೆಯಿಂದಲೇ ಬೆಳೆಸುತ್ತೇವೆ. ಹಾಗಾಗಿ ಮಗಳು ಗಿಡ ತಾಯಿ ಗಿಡದ ಪಡಿಯಚ್ಚು. ತಾಯಿಗೆ ಯಾವ ರೋಗ ತಡೆಯುವ ಶಕ್ತಿ ಇಲ್ಲವೋ ಮಗಳಿಗೂ ಇಲ್ಲ. ಐರ್ಲೆಂಡಿನ ಬಡ ಗೇಣಿದಾರರು ಬಹುಪಾಲು ಲಂಪರ್ ಎಂಬ ಒಂದೇ ತಳಿ ಬೆಳೆಯುತ್ತಿದ್ದರು. ತುಂಡು ಜಮೀನಿನಲ್ಲೂ ಒಂದು ಸಂಸಾರದ ಹೊಟ್ಟೆ ತುಂಬುವಷ್ಟು ಅದು ಕೊಡುತ್ತಿತ್ತು. ಅಮೆರಿಕ ಖಂಡದಿಂದ ಬಂದ ಅಂಗಮಾರಿ ರೋಗ ತಂಪು ಮಳೆಗಾಳಿಯಲ್ಲಿ ಹೊಲದಿಂದ ಹೊಲಕ್ಕೆ ಹಾರಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು. ಇನ್ನೂ 10 ಲಕ್ಷದಷ್ಟು ಜನ ಊರು ಬಿಟ್ಟರು.

ತಪ್ಪೆಲ್ಲ ರೋಗದ್ದಲ್ಲ. ಆಗ ಐರ್ಲೆಂಡನ್ನು ಆಳುತ್ತಿದ್ದವರು ಬ್ರಿಟಿಷರು. ಜನ ಸಾಯುತ್ತಿದ್ದಾಗಲೂ ಅಲ್ಲಿನ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಒಳ್ಳೆಯ ಭೂಮಿ ಜಮೀನ್ದಾರರ ಕೈಯಲ್ಲಿತ್ತು, ಬಡವನಿಗೆ ಉಳಿದಿದ್ದು ಒಂದು ಗಡ್ಡೆ ಮಾತ್ರ.

ಹಾಸನಕ್ಕೆ ಜಲಂಧರದ ಬೀಜ ಯಾಕೆ?

19ನೇ ಶತಮಾನದ ಕೊನೆಯ ಭಾಗದಲ್ಲಿ ಅದೇ ಅಂಗಮಾರಿ ನೀಲಗಿರಿಯಲ್ಲೂ ಕಾಣಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಶುರುವಾಯಿತು. ಮೊದಲು ಪಟ್ನಾದಲ್ಲಿತ್ತು, ಆಮೇಲೆ ಶಿಮ್ಲಾಕ್ಕೆ ಹೋಯಿತು. ಶಿಮ್ಲಾ ಬಳಿಯ ಕುಫ್ರಿ ಎಂಬ ಊರಿನ ಹೆಸರನ್ನೇ ಅಲ್ಲಿನ ತಳಿಗಳಿಗೆಲ್ಲ ಇಟ್ಟರು. ಅದೇ ಸಂಸ್ಥೆಯ ವಿಜ್ಞಾನಿ ಪುಷ್ಕರನಾಥ್ ಒಂದು ದಾರಿ ಕಂಡುಕೊಂಡರು: ಉತ್ತರದ ಬಯಲಿನಲ್ಲಿ ಚಳಿಗಾಲದ ಕೆಲವು ತಿಂಗಳು ನಂಜು ರೋಗ ಹರಡುವ ಸಸ್ಯಹೇನು ತೀರಾ ಕಡಿಮೆ. ಆ ಹೊತ್ತಿನಲ್ಲಿ ಬೀಜಕ್ಕೆಂದೇ ಬೆಳೆದು, ಹೇನು ಹೆಚ್ಚುವ ಮೊದಲೇ ಗಿಡದ ಸೊಪ್ಪು ಕತ್ತರಿಸಿಬಿಟ್ಟರೆ ಗಡ್ಡೆ ಶುದ್ಧವಾಗಿ ಉಳಿಯುತ್ತದೆ. ಪಂಜಾಬಿನ ಜಲಂಧರ ಬೀಜದ ಊರಾದದ್ದು ಹೀಗೆ. ಇಂದಿಗೂ ಹಾಸನದ ರೈತ ಮುಂಗಾರಿಗೆ ಮುಂಚೆ ಆ ಬೀಜಕ್ಕೇ ಕಾಯುತ್ತಾನೆ. ಅವನ ಖರ್ಚಿನಲ್ಲಿ ದೊಡ್ಡ ಪಾಲೂ ಅದರದ್ದೇ.

1968ರಲ್ಲಿ ಬಂದ ಕುಫ್ರಿ ಜ್ಯೋತಿ ಮೊದಮೊದಲು ಅಂಗಮಾರಿಯನ್ನು ತಡೆಯುತ್ತಿತ್ತು. ನಮ್ಮ ಕಡೆ ದಶಕಗಟ್ಟಲೆ ಅದೇ ತಳಿ. ರೋಗಾಣು ಬದಲಾಯಿತು, ತಳಿ ಬದಲಾಗಲಿಲ್ಲ. ಮಳೆ ಹಿಡಿದ ವರ್ಷಗಳಲ್ಲಿ ಸೋತು ಸೋತು ಎಷ್ಟೋ ರೈತರು ಜೋಳ, ಶುಂಠಿಯ ಕಡೆ ತಿರುಗಿದರು.

ಹಿತ್ತಲಲ್ಲಿ ಹಾಕುವವರಿಗೆ

ರೋಗ ಗಾಳಿಯಲ್ಲೂ ಬರುತ್ತದೆ. ನಮ್ಮ ಬುಟ್ಟಿಯ ಗಡ್ಡೆಯಿಂದಲೇ ಬಂತು ಎಂದು ಹೇಳಲಾಗದು. ಆದರೆ ನಮಗೆ ಹೋದದ್ದು ನಾಲ್ಕು ಚೀಲ, ಅಜ್ಜನಿಗೆ ಹೋಗಬಹುದಾಗಿದ್ದದ್ದು ವರ್ಷದ ದುಡಿಮೆ. ಹಾಗಾಗಿ ಈ ಸಲ ನಾವು ಹೀಗೆ ಮಾಡುತ್ತಿದ್ದೇವೆ.

ಬಿತ್ತನೆಗೆಂದೇ ಮಾರುವ ಗಡ್ಡೆಯನ್ನು ಪಕ್ಕದ ರೈತರಿಂದ ಎರಡು ಕೆಜಿ ತಂದಿದ್ದೇವೆ. ಕೋಳಿಮೊಟ್ಟೆ ಗಾತ್ರದ್ದಾದರೆ ಕತ್ತರಿಸದೆ ಇಡಿಯಾಗಿ ನೆಡಬಹುದು. ದೊಡ್ಡದಾದರೆ ತುಂಡಿಗೆ ಎರಡು ಕಣ್ಣಾದರೂ ಇರಬೇಕು. ಕತ್ತರಿಸಿದ ಭಾಗ ಒಣಗಿದ ಮೇಲೆ ನೆಡಬೇಕು. ಆಗ ತಾನೇ ಕಿತ್ತ ಗಡ್ಡೆ ಬೇಡ, ಅದು ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

ಹೊಸಬರಿಗೆ ಮಳೆಗಾಲಕ್ಕಿಂತ ಅಕ್ಟೋಬರ್, ನವೆಂಬರ್ ವಾಸಿ. ಮಳೆ ಕಡಿಮೆಯಾದಷ್ಟು ಅಂಗಮಾರಿಯ ಕಾಟವೂ ಕಡಿಮೆ. ಚೀಲದ ತಳದಲ್ಲಿ ನೀರು ಬಸಿಯಲು ತೂತು ಇರಲಿ. ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣು ಏರಿಸಿ. ಬಿಸಿಲು ತಾಗಿ ಹಸಿರಾದ ಗಡ್ಡೆ ವಿಷ, ತಿನ್ನಬೇಡಿ. ಎಲೆ ಕಪ್ಪಾದ ಗಿಡ ಕಂಡರೆ ಆಸೆ ಬಿಟ್ಟು ಕಿತ್ತು ಆಳವಾಗಿ ಹೂತುಬಿಡಿ, ಬೇಲಿ ಬದಿಗೆ ಎಸೆಯಬೇಡಿ. ಸುಮಾರು 90 ದಿನಕ್ಕೆ ಎಲೆ ಹಳದಿಯಾಗಿ ಒಣಗಿದಾಗ ಅಗೆಯಿರಿ.

ಬೀಜ ತಂದ ದಿನ ಅಜ್ಜನಿಗೆ ತೋರಿಸಿದೆವು. ಒಂದೊಂದನ್ನೂ ತಿರುಗಿಸಿ ನೋಡಿ, ಮೆತ್ತಗಿದ್ದ ಎರಡನ್ನು ಪಕ್ಕಕ್ಕಿಟ್ಟು, "ಇವು ಬ್ಯಾಡ, ಉಳಿದವು ಹಾಕ್ರಿ" ಎಂದರು.