ಧಣಿಯ ಮನಸ್ಸು ನಿಲ್ಲದಾಗ: ಬಹಮನಿ ಮನೆತನ ಮತ್ತು ಮಹಮೂದ್ ಗವಾನ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪೇಟೆಯಲ್ಲಿ ಒಮ್ಮೆ ನಡೆದು ನೋಡಿ. ತೊಗರಿ ಕೊಳ್ಳುವ ಅಡತಿ ಅಂಗಡಿ, ಬೇಳೆ ಮಿಲ್ಲು, ಬಟ್ಟೆ ಅಂಗಡಿ, ಇವುಗಳಲ್ಲಿ ಅನೇಕವು ಒಂದೊಂದು ಮನೆತನಕ್ಕೆ ಸೇರಿದವು. ಅಜ್ಜ ಕಟ್ಟಿದ್ದು, ತಂದೆ ಬೆಳೆಸಿದ್ದು, ಮಗನ ಕೈಗೆ ಬಂದದ್ದು. ಮಗ ಸಮರ್ಥನಾದರೆ ಚಿಂತೆಯಿಲ್ಲ. ಆದರೆ ಮುಂಜಾನೆ ಒಂದು ಮಾತು, ಸಂಜೆ ಇನ್ನೊಂದು ಮಾತು ಆಡುವ ಧಣಿ ಗದ್ದಿಗೆಯ ಮೇಲೆ ಕುಳಿತರೆ? ವ್ಯವಹಾರ ಕುಸಿಯುತ್ತಿದೆ, ಧಣಿ ಚಾಡಿ ಮಾತಿಗೆ ಕಿವಿಗೊಡುತ್ತಾನೆ. ಆಗ ಪ್ರಾಮಾಣಿಕ ಗುಮಾಸ್ತ ಏನು ಮಾಡಬೇಕು? ಬಿಟ್ಟು ಹೋಗಬೇಕೆ, ಇದ್ದು ಉಳಿಸಬೇಕೆ? ನಾಳೆ ನಿಮ್ಮಲ್ಲಿ ಹಲವರಿಗೆ ಈ ಪ್ರಶ್ನೆ ಎದುರಾಗಬಹುದು. ಐನೂರು ವರ್ಷಗಳ ಹಿಂದೆ ಇದೇ ನೆಲವನ್ನಾಳಿದ ರಾಜ್ಯವೊಂದರಲ್ಲಿ ಈ ಪ್ರಶ್ನೆ ಒಬ್ಬ ದೊಡ್ಡ ಮನುಷ್ಯನಿಗೆ ಎದುರಾಗಿತ್ತು. ಅವನ ಕಥೆಯನ್ನು ಇಲ್ಲಿ ನೋಡೋಣ.

ಮನೆತನದ ಆಸ್ತಿಯಾಗಿದ್ದ ರಾಜ್ಯ

ಹಿಂದೆ ರಾಜ್ಯವೂ ಒಂದು ಮನೆತನದ ಆಸ್ತಿಯೇ ಆಗಿತ್ತು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ಹಿಡಿತದಿಂದ ದಖ್ಖನನ್ನು ಬಿಡಿಸಿಕೊಂಡು, ಇಂದು ಕಲಬುರಗಿ ಎಂದು ಕರೆಯುವ ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡನು. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ ಭೀಮೆಯ ದಂಡೆಗೆ ಇರುವ ಫಿರೋಜಾಬಾದಿನ ಹಾಳು ಕೋಟೆ ಇದೇ ಮನೆತನದ ಫಿರೋಜ್ ಷಾ ಕಟ್ಟಿಸಿದ್ದು. ಅವನ ತಮ್ಮ ಅಹಮದ್ ಷಾನ ಕಾಲದಲ್ಲಿ ರಾಜಧಾನಿ ಬೀದರಿಗೆ ಹೋಯಿತು.

ಆದರೆ ಈ ಮನೆಗೆ ಹುಟ್ಟಿನಿಂದಲೂ ಒಂದು ಕಾಯಿಲೆಯಿತ್ತು. ಮುಂದಿನ ಯಜಮಾನ ಯಾರು ಎಂಬುದಕ್ಕೆ ಗಟ್ಟಿಯಾದ ಕಟ್ಟಳೆಯಿರಲಿಲ್ಲ. 1397ರ ಒಂದೇ ವರ್ಷದಲ್ಲಿ ನಾಲ್ವರು ಸುಲ್ತಾನರು ಗದ್ದಿಗೆಯ ಮೇಲೆ ಕಂಡರು. 1458ರಿಂದ 1461ರವರೆಗೆ ಆಳಿದ ಹುಮಾಯೂನನನ್ನು ಜನ ಕ್ರೂರಿ ಎಂದೇ ನೆನೆದರು. ಅವನ ನಂತರ ಬಂದ ನಿಜಾಮ್ ಷಾ ಎಂಟು ವರ್ಷದ ಹುಡುಗ. ಅವನು 1463ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ತಮ್ಮ ಮೂರನೆಯ ಮಹಮ್ಮದನೂ ಬಾಲಕನೇ. ಸಾಲದ್ದಕ್ಕೆ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಬಹುಕಾಲದಿಂದ ಇಲ್ಲೇ ನೆಲೆಸಿದ್ದ ದಖ್ಖನಿಗಳದು ಒಂದು, ಇರಾನ್, ತುರ್ಕಿ ಕಡೆಯಿಂದ ಹೊಸದಾಗಿ ಬಂದ ಅಫಾಕಿಗಳದು ಇನ್ನೊಂದು. ಒಬ್ಬರಿಗೆ ಸಿಕ್ಕ ಸ್ಥಾನ ಇನ್ನೊಬ್ಬರ ಕಣ್ಣಿಗೆ ಮುಳ್ಳು.

ವ್ಯಾಪಾರಿ ಮಂತ್ರಿಯಾದದ್ದು

ಇಂಥ ಮನೆಗೆ ಬಂದವನು ಇರಾನಿನ ಗೀಲಾನ್ ಪ್ರಾಂತದ ಮಹಮೂದ್ ಗವಾನ. ಸುಮಾರು 1453ರಲ್ಲಿ ವ್ಯಾಪಾರಿಯಾಗಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ಅವನ ಬುದ್ಧಿ, ಓದು, ನಡತೆ ನೋಡಿ ಸುಲ್ತಾನ ಅವನನ್ನು ಸೇವೆಗೆ ತೆಗೆದುಕೊಂಡನು. ಬಾಲ ಸುಲ್ತಾನರ ಕಾಲದಲ್ಲಿ ರಾಜಮಾತೆಯೊಂದಿಗೆ ಆಡಳಿತ ನೋಡಿಕೊಂಡವರಲ್ಲಿ ಅವನೂ ಒಬ್ಬ. 1466ರ ಸುಮಾರಿಗೆ ಪ್ರಧಾನಮಂತ್ರಿಯಾದನು. 1472ರಲ್ಲಿ ಗೋವೆಯನ್ನು ಗೆದ್ದನು. ಆ ಕಾಲದಲ್ಲೇ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಈ ಮಂತ್ರಿಯ ವೈಭವವನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ.

ಸಡಿಲವಾದ ಮನೆಯನ್ನು ಅವನು ಹೇಗೆ ಬಿಗಿ ಮಾಡಿದನು? ನೀವು ಗಮನಿಸಬೇಕಾದದ್ದು ಇಲ್ಲಿದೆ. ವ್ಯಕ್ತಿಯ ಮಾತಿಗೆ ಬದಲು ಕಟ್ಟಳೆಯನ್ನು ಅವನು ತಂದನು. ರಾಜ್ಯದಲ್ಲಿ ಆಗ ನಾಲ್ಕು ತರಫುಗಳು, ಅಂದರೆ ಪ್ರಾಂತಗಳು, ಇದ್ದವು. ಒಬ್ಬೊಬ್ಬ ತರಫದಾರನೂ ಪುಟ್ಟ ಸುಲ್ತಾನನಂತಿದ್ದನು. ಗವಾನನು ನಾಲ್ಕನ್ನು ಎಂಟು ಮಾಡಿದನು. ಗುಲ್ಬರ್ಗ ತರಫಿನಿಂದ ಬಿಜಾಪುರ ಬೇರೆಯಾದದ್ದು ಹೀಗೆ. ತರಫದಾರನ ಕೈಯಲ್ಲಿ ಒಂದೇ ಕೋಟೆ. ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸತಕ್ಕದ್ದು. ಪ್ರತಿ ತರಫಿನಲ್ಲೂ ಒಂದಿಷ್ಟು ಭೂಮಿಯ ಆದಾಯ ನೇರವಾಗಿ ಖಜಾನೆಗೆ. ಲೆಕ್ಕದಲ್ಲಿ ಸೈನಿಕನಿದ್ದು ಸಾಲಿನಲ್ಲಿ ಇಲ್ಲದಿದ್ದರೆ ಅವನ ಪಾಲಿನ ಹಣಕ್ಕೆ ಕಡಿತ. ಹೊಲಗಳಿಗೆ ಅಳತೆ. ಹುದ್ದೆಗಳಲ್ಲಿ ಎರಡೂ ಬಣಗಳಿಗೆ ಪಾಲು.

1472ರಲ್ಲಿ ಅವನು ಬೀದರಿನಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿದನು. ಬಣ್ಣದ ಹೆಂಚಿನ ಆ ಕಟ್ಟಡ 1696ರಲ್ಲಿ ಮದ್ದು ಸಿಡಿದು ಅರೆ ಹಾಳಾದರೂ ಇಂದಿಗೂ ನಿಂತಿದೆ. ಅವನ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಷಾ' ಉಳಿದು ಬಂದಿದೆ. ತನ್ನ ಬೆನ್ನ ಹಿಂದೆ ಕೆಲಸ ಕೆಡಿಸುವವರ ಬಗ್ಗೆ ಅವನಿಗಿದ್ದ ಬೇಸರ ಅದರಲ್ಲಿ ಕಾಣುತ್ತದೆ. ಬೇಸರವಿದ್ದರೂ ಅವನು ಕೆಲಸ ಬಿಡಲಿಲ್ಲ.

ಒಂದು ಮುದ್ರೆ, ಒಂದು ಸಂಜೆ

ಆದರೆ ಈ ಕಟ್ಟಳೆಗಳಿಂದ ಲಾಭ ತಪ್ಪಿದವರು ಸುಮ್ಮನಿರಲಿಲ್ಲ. ಗವಾನನ ಮುದ್ರೆಯನ್ನು ಇಟ್ಟುಕೊಂಡಿದ್ದ ಸೇವಕನನ್ನು ಒಲಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಸುಲ್ತಾನ ಆಗ ಕೊಂಡಪಲ್ಲಿಯ ಪಾಳೆಯದಲ್ಲಿದ್ದನು. ಕುಡಿತಕ್ಕೆ ಬಿದ್ದಿದ್ದ ಅವನು ಪತ್ರ ತಂದವನು ಯಾರೆಂದು ವಿಚಾರಿಸಲಿಲ್ಲ. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ಗವಾನನು ಹೇಳಿದರೂ ಕೇಳಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ್ದ ಆ ಮಂತ್ರಿಯ ತಲೆ ಉರುಳಿತು.

ನಂತರ ಸುಲ್ತಾನ ಮಂತ್ರಿಯ ಸಂಪತ್ತನ್ನು ಹುಡುಕಿಸಿದನು. ಸಿಕ್ಕಿದ್ದು ಅತ್ಯಲ್ಪ. ಜಹಗೀರಿನ ಆದಾಯ ಸೈನ್ಯಕ್ಕೂ ಬಡವರಿಗೂ ಹೋಗುತ್ತಿತ್ತು, ಮಂತ್ರಿಯ ಊಟದ ಖರ್ಚು ಅವನು ಹಿಂದೆ ತಂದಿದ್ದ ವ್ಯಾಪಾರದ ಬಂಡವಾಳದಿಂದ ನಡೆಯುತ್ತಿತ್ತು ಎಂದು ಖಜಾಂಚಿ ಲೆಕ್ಕ ತೋರಿಸಿದನಂತೆ. ಈ ವಿವರಗಳನ್ನು ಬರೆದವನು ಫಿರಿಷ್ತಾ. ಅವನು ಘಟನೆಯ ನೂರಕ್ಕೂ ಹೆಚ್ಚು ವರ್ಷಗಳ ನಂತರ ಬಿಜಾಪುರದಲ್ಲಿದ್ದವನು ಎಂಬುದನ್ನು ನೀವು ಮರೆಯಬಾರದು. ಮಾತುಕತೆಯ ಸಣ್ಣಪುಟ್ಟ ವಿವರಗಳು ಬಾಯಿಂದ ಬಾಯಿಗೆ ಬೆಳೆದಿರಬಹುದು. ಗವಾನನ ಮರಣ, ಅದರ ಪರಿಣಾಮ ಮಾತ್ರ ಸಂದೇಹಕ್ಕೆ ಎಡೆಯಿಲ್ಲದವು.

ಪರಿಣಾಮವೇನು? ಸರದಾರರು ಸುಲ್ತಾನನ ಡೇರೆಯಿಂದ ದೂರ ಡೇರೆ ಹಾಕಿದರು. ಇಂಥ ಮಂತ್ರಿಗೇ ಈ ಗತಿಯಾದರೆ ನಮ್ಮ ಪಾಡೇನು ಎಂಬ ಅಂಜಿಕೆ ಎಲ್ಲರಿಗೂ. ಮರುವರ್ಷ, 1482ರಲ್ಲಿ, ಸುಲ್ತಾನನೂ ತೀರಿಕೊಂಡನು. ಮತ್ತೆ ಪಟ್ಟಕ್ಕೆ ಬಂದವನು ಬಾಲಕ. 1490ರ ಸುಮಾರಿಗೆ ಬಿಜಾಪುರ, ಅಹಮದನಗರ, ಬೇರಾರ್ ಬೇರೆಯಾದವು. ಮುಂದೆ ಗೋಲ್ಕೊಂಡವೂ ಹೋಯಿತು. ಬೀದರಿನಲ್ಲಿ ಬರೀದರು ಯಜಮಾನರಾದರು. ನಿಮ್ಮ ಭೀಮಾ ತೀರ ಬೀದರು, ಬಿಜಾಪುರಗಳ ಜಗ್ಗಾಟದ ಗಡಿಯಾಯಿತು. ಗುಲ್ಬರ್ಗದ ಸರದಾರ ದಸ್ತೂರ್ ದೀನಾರನೂ ದಂಗೆಯೆದ್ದನು. ಮನೆ ಒಡೆದರೆ ಪೆಟ್ಟು ಬೀಳುವುದು ಹೊಲದಲ್ಲಿರುವವನಿಗೆ.

ನಮಗೆ ಉಳಿಯುವ ಮಾತು

ಗವಾನನು ಇದ್ದದ್ದು ತಪ್ಪೆ? ಅವನು ಇದ್ದುದರಿಂದ ಮುಳುಗುತ್ತಿದ್ದ ಮನೆ ಸುಮಾರು ಹದಿನೈದು ವರ್ಷ ತೇಲಿತು. ಲೆಕ್ಕ ಬೇರೆಯಿಟ್ಟದ್ದರಿಂದ ಸತ್ತ ಮೇಲೂ ಅವನ ಹೆಸರು ಉಳಿಯಿತು. ಆದರೆ ಎರಡು ಕೊರತೆಗಳಿದ್ದವು. ಮುದ್ರೆ ಇನ್ನೊಬ್ಬರ ಕೈಯಲ್ಲಿತ್ತು. ಅದಕ್ಕಿಂತ ದೊಡ್ಡದು, ಅವನು ತಂದ ಕಟ್ಟಳೆಗಳೆಲ್ಲ ಸರದಾರರನ್ನು ಕಟ್ಟಿದವೇ ಹೊರತು ಸುಲ್ತಾನನನ್ನು ಕಟ್ಟಲಿಲ್ಲ. ಧಣಿ ತಪ್ಪಿದರೆ ದೂರು ಕೇಳುವ ಮೂರನೆಯವನು ಆ ರಾಜ್ಯದಲ್ಲಿ ಇರಲಿಲ್ಲ. ಸೇವಕನ ಪ್ರಾಮಾಣಿಕತೆ ಎಷ್ಟೇ ದೊಡ್ಡದಾದರೂ ಆ ಜಾಗವನ್ನು ತುಂಬಲಾರದು.

ಮುಂದಿನ ಶತಮಾನಗಳಲ್ಲಿ ಜಗತ್ತು ಆ ಮೂರನೆಯವನನ್ನು ಕಟ್ಟಲು ಹೊರಟಿತು. ಲೆಕ್ಕ ತಪಾಸಣೆ, ನ್ಯಾಯಾಲಯ, ಕಾರ್ಮಿಕ ಸಂಘ, ಇವೆಲ್ಲ ಹಾಗೆ ಬಂದವು. ನಮ್ಮ ದೇಶದಲ್ಲಿ 1936ರಲ್ಲೇ ವೇತನ ಪಾವತಿ ಕಾಯ್ದೆ ಬಂದಿತು. ನಾಳೆ ನೀವು ಯಾರದೋ ಅಂಗಡಿಯಲ್ಲಿ ಕುಳಿತಾಗ ಬಾಯಿ ಮಾತನ್ನು ಬರಹಕ್ಕೆ ಇಳಿಸಿಕೊಳ್ಳಿ. ಧಣಿಯ ಲೆಕ್ಕ, ನಿಮ್ಮ ಲೆಕ್ಕ ಬೇರೆಬೇರೆ ಇಡಿ. ಸಹಿ, ಮುದ್ರೆಗಳನ್ನು ಬೇರೆಯವರ ಕೈಗೆ ಬಿಡಬೇಡಿ. ನಾಳೆ ನೀವೇ ಧಣಿಯಾದರೆ, ಒಂದು ಕಾಗದ ಕೈಗೆ ಬಂದಾಗ ಸಿಟ್ಟಾಗುವ ಮೊದಲು ಅದನ್ನು ತಂದವನು ಯಾರೆಂದು ಕೇಳಿ. ಕೊಂಡಪಲ್ಲಿಯಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.