ಗಾಡ್ಯಾಗಿನ ಸ್ಪೀಕರಿನ ಕತಿ

ನಮ್ಮ ಮನ್ಯಾಗ ಇನ್ನೂ ಹಳೇ ಕ್ವಾಲಿಸ್ ಅದ. 2000ದಾಗ ಬಿಡದಿ ಕಾರ್ಖಾನಿಯಿಂದ ಬರಾಕ ಹತ್ತಿದ ಈ ಗಾಡಿ 2005ಕ್ಕ ನಿಂತೇ ಹೋತು. ಟಿಕೋಟಾದ ದ್ರಾಕ್ಷಿ ತೋಟಕ್ಕ, ಬಬಲೇಶ್ವರದ ನನ್ನ ತವರಿಗೆ ನಾವು ಇವತ್ತಿಗೂ ಅದರಾಗ ಹೋಗೂದು.

ಹೋದ ಬ್ಯಾಸಗ್ಯಾಗ ಅದರ ಮೂಲ ಸ್ಪೀಕರ್ ಗೊರಗೊರ ಅನ್ನಾಕ ಹತ್ತಿದ್ವು. ದಾರ್ಯಾಗ ನಮ್ಮ ಅತ್ತಿಯವರಿಗೆ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಬೇಕ ಬೇಕು. 2023ರ ಜನವರಿ 2ಕ್ಕ ಅಪ್ಪಾವರು ದೇಹ ಬಿಟ್ಟ ಮ್ಯಾಲೆ ನಮಗ ಉಳಿದದ್ದು ಆ ಮೆತ್ತನ್ನ ದನಿ. "ಅಪ್ಪಾವ್ರು ಏನಂದ್ರೋ ತಿಳೀವಲ್ದವಾ, ನನ್ನ ಕಿವೀನ ಹೋದ್ವು ಕಾಣಸ್ತದ" ಅಂದ್ರು ಅತ್ತಿ.

ಹೋಗಿದ್ದು ಕಿವಿ ಅಲ್ಲ, ಸ್ಪೀಕರಿನ ಅಂಚು. ಮಿಸ್ತ್ರಿ ಬಿಚ್ಚಿ ತೋರಿಸಿದ: ಸುತ್ತಲಿನ ಫೋಮ್ ಮುಟ್ಟಿದ್ರ ಹಪ್ಪಳಧಂಗ ಪುಡಿಪುಡಿ. ಹಿಂದ ಅಯಸ್ಕಾಂತ, ಅದರಾಗ ತಂತಿ ಸುರುಳಿ, ಮುಂದ ಕಾಗದದ ಬುಟ್ಟಿ. ಸುರುಳಿ ನಡುಗಿದ್ರ ಬುಟ್ಟಿ ಗಾಳಿ ದೂಡ್ತದ, ಅದ ದನಿ. ಅಮೆರಿಕಾದ ರೈಸ್, ಕೆಲ್ಲಾಗ್ ಅನ್ನೋ ಇಬ್ರು 1925ರಾಗ ತೋರಿಸಿದ ಯುಕ್ತಿ ಇದು. ನೂರು ವರ್ಷ ಆದ್ರೂ ಗಾಡ್ಯಾಗ ಇದ ನಡದದ.

1656ರಾಗ ಮುಗದ ನಮ್ಮ ಗೋಲಗುಮ್ಮಟಕ್ಕ ಕಾಗದನೂ ಬ್ಯಾಡ, ವಾಯರೂ ಬ್ಯಾಡ. ಈ ಕಡಿ ಪಿಸುಗುಟ್ಟಿದ್ರ ಆ ಕಡಿ ಮುಟ್ಟಸ್ತದ. ಈ ಊರ ಬಿಸಲ ಕಲ್ಲು ತಡೀತದ, ಫೋಮ್ ತಡಿಯೂದಿಲ್ಲ.

ಹಳೇದರ ಅಳತಿ, 4 ಓಮ್ ಎರಡೂ ಹೊಂದೂವಂಥಾ ಜೋಡಿ ತಂದು ಹಾಕಿಸಿದ್ವಿ. ಮನಿ ಮುಂದನ ಪ್ರವಚನ ಹಚ್ಚಿದೆ. ಅತ್ತಿ ಏನೂ ಅನ್ನಲಿಲ್ಲ. ಮುಗಿಯೂತನಕ ಗಾಡಿ ಇಳೀಲೂ ಇಲ್ಲ.