ಚೀಟಿ ಎತ್ತಿದ ಹೊಲ

ಪ್ರವಾದಿ ಮುಹಮ್ಮದ್(ಸ)ರು ಹಿಜ್‌ರಾ ಮಾಡಿ ಮದೀನಾಕ್ಕೆ ಬಂದಾಗ ಅಲ್ಲಿನ ಜನರು ಖರ್ಜೂರದ ಗಂಡುಮರದ ಹೂವನ್ನು ಹೆಣ್ಣುಮರದ ಹೂಗೊಂಚಲಿಗೆ ಸೇರಿಸಿ ಪರಾಗಸ್ಪರ್ಶ ಮಾಡಿಸುತ್ತಿದ್ದರು. ಅದರಿಂದ ಪ್ರಯೋಜನವಿದೆಯೆಂದು ತಮಗೆ ತೋರುವುದಿಲ್ಲ ಎಂಬರ್ಥದ ಮಾತನ್ನು ಪ್ರವಾದಿವರ್ಯರು(ಸ) ಆಡಿದರು. ಜನರು ಆ ಪದ್ಧತಿಯನ್ನು ಕೈಬಿಟ್ಟರು, ಫಸಲು ಕುಂದಿತು. ವಿಷಯ ತಿಳಿದಾಗ, ತಾವು ಹೇಳಿದ್ದು ಒಂದು ಅನಿಸಿಕೆ ಮಾತ್ರವೆಂದೂ, ಅಲ್ಲಾಹನ ಕಡೆಯಿಂದ ತಿಳಿಸಿದ್ದನ್ನು ಕೈಬಿಡಬಾರದೆಂದೂ, ಲೋಕದ ಕಸುಬಿನ ಸಂಗತಿ ಅವರಿಗೇ ಚೆನ್ನಾಗಿ ತಿಳಿದಿದೆಯೆಂದೂ ಅವರು ಸ್ಪಷ್ಟಪಡಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಪ್ರಸಂಗ ಒಂದಕ್ಕಿಂತ ಹೆಚ್ಚು ಸಹಾಬಿಗಳಿಂದ ವರದಿಯಾಗಿದೆ.

ಕೃಷಿಯ ಜ್ಞಾನ ಅನುಭವದಿಂದ ಬರುತ್ತದೆ ಎನ್ನಲು ನಾವು ಈ ಹದೀಸನ್ನು ಮುಂದಿಡುತ್ತೇವೆ. ಅದು ಸರಿಯೇ. ಆದರೆ ಅನುಭವವೂ ಮೋಸ ಮಾಡುತ್ತದೆ. ಪರಾಗಸ್ಪರ್ಶವಿಲ್ಲದ ಖರ್ಜೂರ ಕಾಯಾಗಿಯೇ ಕೆಡುವುದರಿಂದ ಅಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಎರಡು ಗೊಬ್ಬರಗಳ ನಡುವಿನ ವ್ಯತ್ಯಾಸ ಹಾಗೆ ಕಾಣುವುದಿಲ್ಲ. ಹೆಚ್ಚು ಇಳುವರಿ ಬಂದದ್ದು ಗೊಬ್ಬರದಿಂದಲೋ, ಆ ಮೂಲೆಯ ಮಣ್ಣಿನಿಂದಲೋ, ಆ ವರ್ಷದ ಮಳೆಯಿಂದಲೋ?

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅಂದಲೂಸಿನ ಇಶ್‌ಬೀಲಿಯಾ, ಅಂದರೆ ಇಂದಿನ ಸೆವಿಲ್ಲೆ ನಗರದಲ್ಲಿದ್ದ ಇಬ್ನುಲ್ ಅವ್ವಾಮ್ ‘ಕಿತಾಬುಲ್ ಫಿಲಾಹ’ ಎಂಬ ಬೃಹತ್ ಕೃಷಿಗ್ರಂಥವನ್ನು ರಚಿಸಿದರು. ಹಿಂದಿನವರ ಮಾತುಗಳನ್ನು ಸಂಗ್ರಹಿಸಿದ ಅವರು, ತಮ್ಮದೆಂದು ಹೇಳುವುದನ್ನು ಮಾತ್ರ ತಾವೇ ಪದೇಪದೇ ಪ್ರಯೋಗಿಸಿ ನೋಡಿದ ಬಳಿಕವೇ ಬರೆದರು. ಇದು ಅಭಿಮಾನಪಡತಕ್ಕ ಸಂಗತಿ. ಆದರೆ ಆಧುನಿಕ ಪ್ರಯೋಗವಿಜ್ಞಾನವೆಲ್ಲವೂ ಅಲ್ಲೇ ಇತ್ತು ಎಂದು ಸಾರುವ ನಮ್ಮ ಕೆಲವು ಭಾಷಣಕಾರರ ಉತ್ಸಾಹವನ್ನು ನಾವು ಒಪ್ಪಲಾರೆವು. ಮಾಡಿ ನೋಡುವುದು ಬೇರೆ. ನೋಡಿದ್ದರಲ್ಲಿ ಎಷ್ಟನ್ನು ನಂಬಬಹುದೆಂದು ಲೆಕ್ಕ ಹಾಕುವುದು ಬೇರೆ.

ಆ ಲೆಕ್ಕ ಹುಟ್ಟಿದ್ದು ಲಂಡನ್ನಿನ ಉತ್ತರಕ್ಕಿರುವ ರಾಥಮ್‌ಸ್ಟೆಡ್‌ನಲ್ಲಿ. ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1843ರಲ್ಲಿ ಅಲ್ಲಿನ ಗೋಧಿ ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿ ಪಟ್ಟಿಗೊಂದು ಗೊಬ್ಬರ ಹಾಕಿ ಇಳುವರಿ ಬರೆದಿಡತೊಡಗಿದರು. 1919ರಲ್ಲಿ ಆ ರಾಶಿ ದಾಖಲೆಗಳನ್ನು ಪರಿಶೀಲಿಸಲು ರೊನಾಲ್ಡ್ ಫಿಶರ್ ಎಂಬ ಯುವ ಗಣಿತಜ್ಞ ನೇಮಕಗೊಂಡರು. ಒಂದು ಗೊಬ್ಬರಕ್ಕೆ ಒಂದೇ ಪಟ್ಟಿ ಇದ್ದರೆ ಮಣ್ಣಿನ ಗುಣವನ್ನೂ ಗೊಬ್ಬರದ ಗುಣವನ್ನೂ ಬೇರ್ಪಡಿಸುವ ದಾರಿಯೇ ಇಲ್ಲ. ಫಿಶರ್ ಸೂಚಿಸಿದ ಕ್ರಮ ಹೀಗಿತ್ತು: ಹೊಲದಲ್ಲಿ ಮಣ್ಣು ಹೆಚ್ಚುಕಡಿಮೆ ಒಂದೇ ತೆರನಾಗಿರುವ ಭಾಗಗಳನ್ನು ಗುರುತಿಸಬೇಕು; ಪ್ರತಿ ಭಾಗದಲ್ಲೂ ಎಲ್ಲ ಗೊಬ್ಬರಗಳಿಗೂ ಒಂದೊಂದು ತುಂಡು ಇರಬೇಕು; ಯಾವುದಕ್ಕೆ ಯಾವ ತುಂಡು ಎಂಬುದನ್ನು ಪ್ರಯೋಗಿಸುವವನು ಆರಿಸಕೂಡದು, ಚೀಟಿ ಎತ್ತಿಯೇ ನಿರ್ಧರಿಸಬೇಕು. 1925 ಮತ್ತು 1935ರಲ್ಲಿ ಬಂದ ಅವರ ಎರಡು ಪುಸ್ತಕಗಳು ಈ ವಿಧಾನವನ್ನು ಜಗತ್ತಿಗೆಲ್ಲ ಹಬ್ಬಿಸಿದವು.

ಚೀಟಿ ಎತ್ತುವುದೆಂದೊಡನೆ ನಮ್ಮವರಲ್ಲಿ ಕೆಲವರ ಹುಬ್ಬೇರುತ್ತದೆ. ಜಾಹಿಲಿಯ್ಯಾ ಕಾಲದ ಅರಬರು ಬಾಣಗಳಿಂದ ಅದೃಷ್ಟ ಕೇಳುತ್ತಿದ್ದರು. ಸೂರಾ ಅಲ್‌ಮಾಇದಾ ಅದನ್ನು ನಿಷೇಧಿಸಿತು. ಆದರೆ ಖುರ್‌ಅ ಬೇರೆ. ಪ್ರವಾದಿವರ್ಯರು(ಸ) ಯಾತ್ರೆಗೆ ಹೊರಡುವಾಗ ಜೊತೆಗೆ ಯಾವ ಪತ್ನಿ ಬರಬೇಕೆಂಬುದನ್ನು ಖುರ್‌ಅದ ಮೂಲಕ ನಿರ್ಧರಿಸುತ್ತಿದ್ದರು. ಬಾಣ ಕೇಳುವವನು ಅದೃಶ್ಯವನ್ನು ತಿಳಿಯಬಯಸುತ್ತಾನೆ. ಖುರ್‌ಅ ಎತ್ತುವವನಾದರೋ ಹಕ್ಕು ಸಮಾನವಾಗಿರುವಲ್ಲಿ ತನ್ನ ಮನಸ್ಸಿನ ಒಲವು ನುಸುಳದಂತೆ ಬಾಗಿಲು ಹಾಕುತ್ತಾನೆ.

ಶಾಫಿಈ ಫಿಕ್‌ಹಿನಲ್ಲಿ ಪಾಲುವಿಭಾಗದ ಅಧ್ಯಾಯವನ್ನೇ ನೋಡಿ. ಜಂಟಿ ಜಮೀನನ್ನು ಮೊದಲು ಸಮಭಾಗಗಳಾಗಿ ಮಾಡಬೇಕು. ಬಳಿಕ ಪಾಲುದಾರರ ಹೆಸರು ಬರೆದ ಚೀಟಿಗಳನ್ನು ಒಂದೇ ಗಾತ್ರದ ಉಂಡೆಗಳೊಳಗಿಟ್ಟು, ಬರೆಯುವಾಗ ಹಾಜರಿರದ ವ್ಯಕ್ತಿಯಿಂದ ಎತ್ತಿಸಬೇಕು. ಇಮಾಮ್ ನವವಿ(ರ) ಹದಿಮೂರನೆಯ ಶತಮಾನದಲ್ಲೇ ‘ಮಿನ್‌ಹಾಜ್’ನಲ್ಲಿ ಇದನ್ನು ದಾಖಲಿಸಿದ್ದಾರೆ. ದರ್ಸಿನಲ್ಲಿ ಓದುವಾಗ ನಾವು ಇದನ್ನು ಅಣ್ಣತಮ್ಮಂದಿರ ಜಗಳ ತಪ್ಪಿಸುವ ಉಪಾಯವೆಂದಷ್ಟೇ ತಿಳಿದಿದ್ದೆವು. ಮೊದಲು ಸಮಗೊಳಿಸು, ಆಮೇಲೆ ಚೀಟಿ ಎತ್ತು, ಎತ್ತುವವನಿಗೆ ಒಳಗಿನದು ತಿಳಿಯದಿರಲಿ: ಈ ಮೂರೂ ಇಂದು ಪ್ರಯೋಗ ವಿನ್ಯಾಸದ ಪಾಠಗಳು. ಫಿಶರ್ ಇದನ್ನು ನಮ್ಮ ಕಿತಾಬುಗಳಿಂದ ಪಡೆದರೆಂದು ನಾವು ಹೇಳುತ್ತಿಲ್ಲ; ಅದಕ್ಕೆ ಆಧಾರವಿಲ್ಲ. ಫುಖಹಾಗಳ ಚಿಂತೆ ನ್ಯಾಯದ್ದು, ಅವರದು ಅರಿವಿನದು.

ಚೀಟಿಯಿಂದ ಇನ್ನೊಂದು ಲಾಭವೂ ಇದೆ. ಒಂದೇ ತೆರನಾದ ಆರು ಮರಗಳಿವೆ. ಚೀಟಿ ಎತ್ತಿ ಮೂರಕ್ಕೆ ಹೊಸ ಗೊಬ್ಬರ, ಮೂರಕ್ಕೆ ಹಳೆಯದು ಎನ್ನೋಣ. ಆರರಲ್ಲಿ ಮೂರನ್ನು ಆರಿಸುವ ಬಗೆಗಳು 20. ಹೊಸ ಗೊಬ್ಬರದ ಮೂರು ಮರಗಳೇ ಮೊದಲ ಮೂರು ಸ್ಥಾನ ಪಡೆದರೆ, ಗೊಬ್ಬರದಲ್ಲಿ ಏನೂ ಇಲ್ಲದೆ ಬರೀ ಆಕಸ್ಮಿಕವಾಗಿ ಹಾಗಾಗುವ ಸಂಭವ 20ರಲ್ಲಿ ಒಂದು. ಎಂಟು ಮರಗಳಲ್ಲಿ ನಾಲ್ಕು ನಾಲ್ಕಾದರೆ 70ರಲ್ಲಿ ಒಂದು. ನಮ್ಮ ಸಂದೇಹಕ್ಕೆ ಹೀಗೆ ಒಂದು ಅಳತೆ ಸಿಗುತ್ತದೆ. ಚೀಟಿ ಎತ್ತದೆ, ಹುಲುಸಾದ ಮರಗಳನ್ನೇ ಆರಿಸಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದ್ದು 1931ರಲ್ಲಿ ಕಲ್ಕತ್ತಾದಲ್ಲಿ ಪಿ. ಸಿ. ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆ. ಅಲ್ಲಿ ಬೆಳೆದು, ಕೇಂಬ್ರಿಜ್‌ನಲ್ಲಿ ಫಿಶರ್ ಮಾರ್ಗದರ್ಶನದಲ್ಲೇ ಡಾಕ್ಟರೇಟ್ ಪಡೆದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜಿಸಲು ಮಹಾಲನೋಬಿಸ್ ಎಲ್ಲ ಹೊಲಗಳನ್ನೂ ಅಳೆಯದೆ, ಚೀಟಿಯ ಕ್ರಮದಲ್ಲಿ ಆಯ್ದವುಗಳನ್ನು ಅಳೆಸಿದರು.

ಅದೇ ಕ್ರಮ ಇಂದು ನಮ್ಮ ರೈತರ ಮನೆಬಾಗಿಲಿಗೆ ಬಂದಿದೆ. ಫಸಲ್ ಬಿಮಾ ಯೋಜನೆಯ ಬೆಳೆ ಕಟಾವು ಪ್ರಯೋಗದಲ್ಲಿ, ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೊಂದರಲ್ಲಿ ಕನಿಷ್ಠ ನಾಲ್ಕು ಕಡೆ ಕೊಯ್ದು ತೂಗಿ ಇಡೀ ಪಂಚಾಯಿತಿಯ ಇಳುವರಿಯನ್ನು ನಿರ್ಧರಿಸುತ್ತಾರೆ. ಯಾವ ಹೊಲ, ಹೊಲದೊಳಗೆ ಯಾವ ಜಾಗ ಎಂಬುದನ್ನು ಯಾದೃಚ್ಛಿಕ ಸಂಖ್ಯೆಯೇ ಹೇಳಬೇಕು. ಬಂದ ಸಿಬ್ಬಂದಿ ಹಸಿರು ಮೂಲೆ ಹುಡುಕಿದರೆ ಇಡೀ ಊರಿನ ಪರಿಹಾರ ತಪ್ಪುತ್ತದೆ. ಊರವರು ಒಣಗಿದ ಮೂಲೆಯನ್ನು ತೋರಿಸಿ ಕೊಯ್ಯಿಸಿದರೆ ಅದು ಸುಳ್ಳು ಸಾಕ್ಷ್ಯ. ಬರಗಾಲದ ವರ್ಷವಾದರೂ ಅದಕ್ಕೆ ಬೇರೆ ಹೆಸರಿಲ್ಲ. ಕೊಯ್ಲಿನ ದಿನ ಹೊಲದ ಬದುವಿನಲ್ಲಿ ನಿಂತು, ಹಗ್ಗ ಹಿಡಿದವರು ಸಂಖ್ಯೆ ಸೂಚಿಸಿದ ಮೂಲೆಯಿಂದಲೇ ಅಳೆಯುತ್ತಿದ್ದಾರೆಯೇ ಎಂದು ನೋಡುವ ಹಕ್ಕು ರೈತನಿಗಿದೆ.